ಮನಸ್ಸಿಲಾಯೋ ಮಾಷೇ?

ಹೈಸ್ಕೂಲಿನ ಮಕ್ಕಳಿಗೆ ಎಂಜಿನಿನ ಪಾಠವನ್ನು ನಾನು ಮೂವತ್ತು ವರ್ಷ ಮಾಡಿದ್ದೇನೆ. ಕರಿಹಲಗೆಯ ಮೇಲೆ ಸಿಲಿಂಡರು ಬರೆದು, ಅದರೊಳಗೆ ಪಿಸ್ಟನ್ ಕೂರಿಸಿ, ಬಾಣದ ಗುರುತು ಹಾಕಿ, ಹೀರುವಿಕೆ, ಅದುಮುವಿಕೆ, ಉರಿಯುವಿಕೆ, ಹೊರದಬ್ಬುವಿಕೆ ಎಂದು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದೆ. ನನ್ನ ಚಿತ್ರದ ಎಂಜಿನು ಒಂದು ದಿನವೂ ಕೈಕೊಟ್ಟದ್ದಿಲ್ಲ. ನಿವೃತ್ತನಾಗಿ ಹತ್ತು ವರ್ಷ ಕಳೆದ ಮೇಲೆ, ಅರುವತ್ತೆಂಟನೆಯ ವಯಸ್ಸಿನಲ್ಲಿ, ಒಂದು ನಿಜವಾದ ಎಂಜಿನು ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿತು. ಆ ಕಥೆಯನ್ನು ಹೇಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಹೇಳಿಬಿಡುವುದೇ ಒಳ್ಳೆಯದೆಂದು ತೋರಿತು.

ನಮ್ಮ ಮನೆ ಪೆರ್ಲದಿಂದ ಒಳಗೆ, ಎರಡು ಗುಡ್ಡೆಗಳ ನಡುವಿನ ಅಡಿಕೆ ತೋಟದ ತಲೆಯಲ್ಲಿದೆ. ತೋಟದ ನಡುವೆ ಒಂದು ತೋಡು. ನಾನು ಓದಿ ಮಾಸ್ತರನಾದೆ. ತಮ್ಮ ಎಂಟನೆಯ ತರಗತಿಗೆ ಶಾಲೆ ಬಿಟ್ಟು ತೋಟಕ್ಕಿಳಿದ. ಅವನಿಗೆ ಪುಸ್ತಕ ಹತ್ತಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಆದರೆ ಪಂಪಿನ ಸದ್ದು ಕೇಳಿಯೇ ವಾಲ್ವಿನಲ್ಲಿ ಕಸ ಸಿಕ್ಕಿದೆ ಎಂದು ಹೇಳುವಷ್ಟು ಕಿವಿ ಅವನಿಗಿತ್ತು. 2016ರಲ್ಲಿ ಅವನೊಂದು ಮರ ಕೊಯ್ಯುವ ಮೆಷಿನು ತಂದ. ಐವತ್ತೆರಡು ಸಿ.ಸಿ.ಯದು, ಚೀನಾದ ಮಾಲು, ಕೇಸರಿ ಬಣ್ಣದ್ದು. ಮಳೆಗಾಲದಲ್ಲಿ ದಾರಿಗೆ ಅಡ್ಡ ಮರ ಬಿದ್ದರೆ ಸುತ್ತಿನ ಹತ್ತು ಮನೆಯವರು ಅವನನ್ನೇ ಕರೆಯುತ್ತಿದ್ದರು. 2022ರಲ್ಲಿ ಅವನು ತೀರಿಕೊಂಡ. ಮೆಷಿನು ಅಟ್ಟದಡಿಯ ಕೋಣೆಯಲ್ಲಿ ಗೋಣಿ ಹೊದ್ದು ಕುಳಿತಿತು.

ಅವನಿಗೂ ನನಗೂ ಇನ್ನೊಂದು ವ್ಯತ್ಯಾಸವಿತ್ತು. ಕೇರಳ ರಾಜ್ಯ ಹುಟ್ಟಿದ 1956ರಲ್ಲೇ ನಾನೂ ಹುಟ್ಟಿದವನು. ಆದರೂ ಮಲೆಯಾಳ ನನ್ನ ನಾಲಗೆಗೆ ಹತ್ತಲಿಲ್ಲ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಮತ್ತೆ ಕನ್ನಡ. ಕಚೇರಿಯ ಕಾಗದ ಬಂದಾಗ ಮಾತ್ರ ಯಾರಿಂದಲಾದರೂ ಓದಿಸಿಕೊಳ್ಳುವುದು. ತಮ್ಮನೋ, ಮರದ ವ್ಯಾಪಾರಿಗಳ ಜತೆ, ಲಾರಿಯವರ ಜತೆ, ಬಂದಡ್ಕದ ಕಡೆಯ ರಬ್ಬರ್ ತೋಟದವರ ಜತೆ ನೀರು ಕುಡಿದಷ್ಟು ಸಲೀಸಾಗಿ ಮಲೆಯಾಳ ಮಾತನಾಡುತ್ತಿದ್ದ. ನಮ್ಮವರು ನೆನೆದು ನಗುವ ಒಂದು ಮಾತಿದೆಯಲ್ಲ: ಅವರು ‘ಮನಸ್ಸಿಲಾಯೋ?’ ಎಂದರೆ ‘ಅರ್ಥವಾಯಿತೋ?’ ಎಂದು, ಕನ್ನಡದ ಕಿವಿಗೆ ಅದು ‘ಮನಸ್ಸಿಲ್ಲವೋ?’ ಎಂದು ಕೇಳಿಸುತ್ತದೆ. ಎಳೆಯ ಪ್ರಾಯದಲ್ಲಿ ಒಬ್ಬ ಅಧಿಕಾರಿ ಹಾಗೆ ಕೇಳಿದಾಗ ‘ಮನಸ್ಸಿದೆ, ಮನಸ್ಸಿದೆ’ ಎಂದು ತಲೆಯಾಡಿಸಿ ಬಂದವನು ನಾನು. ತಮ್ಮ ಸಾಯುವ ತನಕ ಅದನ್ನು ಹೇಳಿ ನನ್ನನ್ನು ಗೇಲಿ ಮಾಡುತ್ತಿದ್ದ.

2024ರ ಜುಲೈಯಲ್ಲಿ, ಒಂದು ರಾತ್ರಿಯ ಗಾಳಿಗೆ, ತೋಡಿನ ದಡದ ಕಾಟುಮಾವಿನ ಮರ ಬುಡ ಸಮೇತ ಮಗುಚಿ ತೋಡಿಗೆ ಅಡ್ಡವಾಗಿ ಬಿತ್ತು. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಬೀಳುವ ಊರು ನಮ್ಮದು; ಅದರಲ್ಲಿ ದೊಡ್ಡ ಪಾಲು ಜೂನ್, ಜುಲೈಯಲ್ಲೇ. ಗೆಲ್ಲುಗಳಿಗೆ ಸೋಗೆ, ಕಸ, ಕೊಚ್ಚಿ ಬಂದ ಮಣ್ಣು ಸಿಕ್ಕಿ ಬೆಳಗಾಗುವಾಗ ಒಂದು ಕಟ್ಟವೇ ನಿರ್ಮಾಣವಾಗಿತ್ತು. ಬೇಸಗೆಯಲ್ಲಿ ನಾವು ಕಷ್ಟಪಟ್ಟು ಕಟ್ಟುವ ಕಟ್ಟ, ಮಳೆಗಾಲದಲ್ಲಿ ತಾನಾಗಿ ಬಂದರೆ ಶತ್ರು. ನೀರು ದಾರಿ ಬದಲಿಸಿ ತಮ್ಮನ ಪಾಲಿನ ತೋಟಕ್ಕೆ ನುಗ್ಗಿತು. ಕೊಳೆರೋಗಕ್ಕೆ ಮೊದಲೇ ಹೆದರಿ ಕುಳಿತಿದ್ದೆವು. ಈಗ ಬುಡದಲ್ಲೂ ನೀರು. ಮೆಷಿನಿನವರಿಗೆಲ್ಲ ಫೋನು ಮಾಡಿದೆ. ಗಾಳಿ ಬೀಸಿದ್ದು ನಮ್ಮಲ್ಲಿ ಮಾತ್ರವಲ್ಲವಷ್ಟೆ. ಒಬ್ಬರೂ ಸಿಗಲಿಲ್ಲ.

ತಮ್ಮನ ಮೆಷಿನನ್ನು ನಾನೇ ಹೊರಗೆ ತೆಗೆದೆ. ಸ್ಕೂಟರಿಗೆಂದು ಕ್ಯಾನಿನಲ್ಲಿ ತಂದಿಟ್ಟ ಪೆಟ್ರೋಲು ಹೊಯ್ದೆ. ಹತ್ತಾರು ಸಲ ಹಗ್ಗ ಎಳೆದ ಮೇಲೆ ಅದು ಚಾಲೂ ಆಯಿತು. ಕಾಲು ಗಂಟೆ ಗೆಲ್ಲು ಕೊಯ್ದೆ. ಆಮೇಲೆ ಅದರ ಸ್ವರ ತೆಳ್ಳಗಾಯಿತು, ಕಿರುಚಿದಂತಾಯಿತು, ಥಟ್ಟನೆ ನಿಂತಿತು. ಹಗ್ಗ ಎಳೆದರೆ ಬರಲೊಲ್ಲದು. ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿದಿತ್ತು.

ಏನಾಯಿತೆಂದು ಆ ಕ್ಷಣವೇ ನನಗೆ ತಿಳಿಯಿತು. ಎರಡು ಹೊಡೆತದ ಎಂಜಿನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲು ಮತ್ತು ಗಾಳಿ ಮೊದಲು ಪಿಸ್ಟನಿನ ಕೆಳಗಿನ ಕೋಣೆಗೆ ಹೋಗಿ, ಅಲ್ಲಿಂದ ಮೇಲೇರಿ ಉರಿಯುವುದು. ಆ ದಾರಿಯಲ್ಲಿ ಬೇರಿಂಗಿಗೂ ಪಿಸ್ಟನಿಗೂ ಜಿಡ್ಡು ಕೊಡಬೇಕಾದದ್ದು ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ. ಈ ಮೆಷಿನಿಗೆ ಒಂದು ಲೀಟರಿಗೆ 40 ಮಿಲ್ಲಿಲೀಟರ್. ಬರಿಯ ಪೆಟ್ರೋಲು ಹಾಕುವುದೆಂದರೆ ಎಣ್ಣೆಯಿಲ್ಲದ ಕಾವಲಿಗೆ ದೋಸೆ ಹೊಯ್ದಂತೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದು ಗೊತ್ತಿತ್ತು. ಮಳೆಯಲ್ಲಿ, ಅವಸರದಲ್ಲಿ, ಮರೆತೆ.

ಮರೆತದ್ದು ಒಂದು ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡದು. ಸದ್ದು ನಿಂತದ್ದು ಕೇಳಿ ತಮ್ಮನ ಹೆಂಡತಿ ಜಗಲಿಗೆ ಬಂದು ‘ಏನಾಯಿತು ಭಾವ?’ ಎಂದು ಕೇಳಿದಾಗ, ‘ಹಳೆಯ ಮೆಷಿನಲ್ಲವೋ, ಎರಡು ವರ್ಷ ಸುಮ್ಮನೆ ಕೂತದ್ದು, ಸವೆದಿದೆ’ ಎಂದುಬಿಟ್ಟೆ. ಅವಳು ಏನೂ ಹೇಳದೆ ಒಳಗೆ ಹೋದಳು. ತನ್ನ ಗಂಡ ಜೋಪಾನ ಮಾಡಿ ಇಟ್ಟುಕೊಂಡ ವಸ್ತುವನ್ನು ಸವೆದದ್ದು ಎಂದು ಭಾವ ಹೇಳಿದರೆ ಅವಳಾದರೂ ಏನು ಹೇಳಿಯಾಳು?

ಮರುದಿನ ಸಿಲಿಂಡರು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬದಿಯಡ್ಕಕ್ಕೆ ಹೋದೆ. ಅಲ್ಲಿ ಮೆಷಿನು ರಿಪೇರಿಯ ಒಂದು ಸಣ್ಣ ಅಂಗಡಿ. ಅದರ ಯಜಮಾನ ತೆಂಕು ಕಡೆಯವರು. ಅಂಗಡಿಯ ಹುಡುಗರು ಅವರನ್ನು ‘ಆಶಾನ್’ ಎನ್ನುತ್ತಾರೆ, ಗುರು ಎಂಬ ಅರ್ಥದಲ್ಲಿ. ಅವರು ನನ್ನನ್ನು ‘ಮಾಷ್’ ಎಂದರು, ಅದೂ ಗುರುವೇ. ತಮ್ಮನನ್ನು ಅವರಿಗೆ ಚೆನ್ನಾಗಿ ಪರಿಚಯವಿತ್ತು. ಪಿಸ್ಟನನ್ನು ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ, ಉದ್ದಕ್ಕೆ ಬಿದ್ದ ಗೀರುಗಳ ಮೇಲೆ ಉಗುರು ಎಳೆದು ನೋಡಿದರು. ನನ್ನ ಮುಖವನ್ನೊಮ್ಮೆ ನೋಡಿದರು. ಏನೂ ಕೇಳಲಿಲ್ಲ. ಹೊಸ ಸಿಲಿಂಡರು, ಪಿಸ್ಟನ್, ರಿಂಗು, ಗ್ಯಾಸ್ಕೆಟ್ಟುಗಳ ಒಂದು ಪೊಟ್ಟಣ ಮುಂದಿಟ್ಟು, ‘ಞಾನ್ ಚೆಯ್ದು ತರಾಂ’ ಎಂದರು. ತಾನು ಮಾಡಿಕೊಡುತ್ತೇನೆ ಎಂದು. ನಾನು ಬೇಡವೆಂದೆ. ಕೆಡಿಸಿದವನು ನಾನು, ಸರಿ ಮಾಡುವವನೂ ನಾನೇ ಆಗಬೇಕೆಂಬ ಹಟ ಒಳಗಿತ್ತು. ಹೊರಗೆ ತೋರಿಸಿದ್ದು ಮಾಸ್ತರನ ಜಂಬ ಮಾತ್ರ.

ಜಗಲಿಯಲ್ಲಿ ಹಳೆಯ ಪಂಚೆ ಹಾಸಿ ಕೆಲಸಕ್ಕೆ ಕುಳಿತೆ. ಪಿಸ್ಟನಿನ ತಲೆಯ ಮೇಲಿನ ಬಾಣದ ಗುರುತು ಹೊಗೆ ಹೊರಡುವ ಕಡೆಗಿರಬೇಕು, ಇರಿಸಿದೆ. ರಿಂಗಿನ ಬಾಯಿ ತೋಡಿನೊಳಗಿನ ಸಣ್ಣ ಮೊಳೆಯ ಮೇಲೆಯೇ ಕೂರಬೇಕು, ಕೂರಿಸಿದೆ. ಪಿಸ್ಟನಿಗೆ ಎಣ್ಣೆ ಸವರಿ, ರಿಂಗುಗಳನ್ನು ಬೆರಳಿನಿಂದ ಒತ್ತಿ, ಸಿಲಿಂಡರನ್ನು ಇಳಿಸಿದೆ. ಸ್ಕ್ರೂಗಳನ್ನು ಎದುರೆದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ. ಕಾರ್ಬುರೇಟರಿನ ಹಿಂದಿನ ಕರಿಯ ಪ್ಲಾಸ್ಟಿಕ್ ತುಂಡು, ಅದರ ಹಿಂದೆ ಕಾಗದದ ಗ್ಯಾಸ್ಕೆಟ್, ಎಲ್ಲ ಕೂರಿಸಿದೆ. ಈ ಸಲ ಎಣ್ಣೆಯನ್ನು ಔಷಧಿಯ ಅಳತೆಪಾತ್ರೆಯಲ್ಲಿ ಅಳೆದು ಬೆರೆಸಿದೆ. ಹಗ್ಗ ಎಳೆದೆ.

ಇಲ್ಲ. ಇಪ್ಪತ್ತು ಸಲ, ನಲವತ್ತು ಸಲ. ಸದ್ದಿಲ್ಲ.

ಇನ್ನು ಮುಂದಿನ ಆರು ದಿನ ನಾನು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು. ಎಂಜಿನು ಚಾಲೂ ಆಗಲು ಬೇಕಾದದ್ದು ಮೂರೇ: ಕಿಡಿ, ಒತ್ತಡ, ಪೆಟ್ರೋಲು. ಮೊದಲು ಕಿಡಿ. ಪ್ಲಗ್ಗನ್ನು ಬಿಚ್ಚಿ, ತೂತಿನಿಂದ ದೂರವಿಟ್ಟು, ಅದರ ಲೋಹದ ಮೈಯನ್ನು ಎಂಜಿನಿನ ಲೋಹಕ್ಕೆ ತಾಗಿಸಿ, ಕತ್ತಲೆಯಲ್ಲಿ ಹಗ್ಗ ಎಳೆದೆ. ಕಿಡಿ ಬಂತು, ಆದರೆ ಬಡಕಲು, ಹಳದಿ. ತಿರುಗುವ ಚಕ್ರದ ಅಯಸ್ಕಾಂತಕ್ಕೂ ಕಾಯಿಲಿಗೂ ನಡುವೆ ಸುಮಾರು 0.3 ಮಿಲ್ಲಿಮೀಟರ್ ಅಂತರವಿರಬೇಕು. ನಾನು ಹೆಚ್ಚು ಬಿಟ್ಟಿದ್ದೆ. ಮದುವೆ ಕಾಗದದ ಒಂದು ತುಂಡನ್ನು ನಡುವೆ ಇಟ್ಟು, ಕಾಯಿಲನ್ನು ಅದಕ್ಕೆ ತಾಗಿಸಿ ಬಿಗಿದು, ಕಾಗದ ಎಳೆದು ತೆಗೆದೆ. ಕಿಡಿ ನೀಲಿಯಾಯಿತು. ಗೆದ್ದೆನೆಂದುಕೊಂಡೆ. ಎಂಜಿನು ಮಾತ್ರ ಹಾಗೆಯೇ ಇತ್ತು.

ಎರಡನೆಯದು ಒತ್ತಡ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಗ್ಗ ಎಳೆದರೆ ಬೆರಳನ್ನು ದೂಡಿ ಗಾಳಿ ಹಾರುತ್ತಿತ್ತು. ಪ್ಲಗ್ಗು ಬಿಗಿದು, ಹಗ್ಗದ ಹಿಡಿಯಲ್ಲೇ ಮೆಷಿನನ್ನು ತೂಗಿ ಹಿಡಿದೆ. ಕೂಡಲೇ ಜಾರದೆ, ತಡೆದು ತಡೆದು ಇಳಿಯಿತು. ಒತ್ತಡ ಇದೆ ಎಂದು ಅದರ ಅರ್ಥ.

ಮೂರನೆಯದು ಪೆಟ್ರೋಲು. ಹತ್ತು ಸಲ ಎಳೆದ ಮೇಲೆ ಪ್ಲಗ್ಗು ಬಿಚ್ಚಿದರೆ ಅದು ಒದ್ದೆಯಾಗಿರಬೇಕಿತ್ತು; ನೋಡಿದರೆ ಒಣಗಿದ ಅಡಿಕೆಯ ಹಾಗಿದೆ. ಪ್ಲಗ್ಗಿನ ತೂತಿನಿಂದ ನಾಲ್ಕು ಹನಿ ಪೆಟ್ರೋಲು ಬಿಟ್ಟು ಎಳೆದೆ. ‘ಟರ್ರ್’ ಎಂದು ಎರಡು ಕ್ಷಣ ಓಡಿ ನಿಂತಿತು. ಎದೆ ಹಾರಿತು. ಇದರಿಂದ ಒಂದು ವಿಷಯ ಸ್ಪಷ್ಟವಾಯಿತು: ಕಿಡಿ ಸರಿ, ಒತ್ತಡ ಸರಿ, ತೊಟ್ಟಿಯ ಪೆಟ್ರೋಲು ಬೇಕಾದಲ್ಲಿಗೆ ಬರುತ್ತಿಲ್ಲ.

ಪೆಟ್ರೋಲಿನ ದಾರಿಯನ್ನು ಹಿಡಿದು ಹೊರಟೆ. ಹಳೆಯ ಪೆಟ್ರೋಲು ಚೆಲ್ಲಿ ಹೊಸತು ತಂದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರ ತನಕ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವಂಥದು, ಮಳೆಗಾಲದಲ್ಲಿ ಹೆಚ್ಚು ದಿನ ಇಡಬಾರದು. ತೊಟ್ಟಿಯೊಳಗಿನ ಸೋಸುಕ ತೊಳೆದೆ. ನಳಿಗೆಯನ್ನು ಊದಿ ನೋಡಿದೆ. ತೊಟ್ಟಿಗೆ ಗಾಳಿ ಬರುವ ತೂತು ನೋಡಿದೆ. ಕಾರ್ಬುರೇಟರ್ ಬಿಚ್ಚಿ, ಒಳಗಿನ ತೆಳು ಪೊರೆಗಳನ್ನು ಬದಲಿಸಿದೆ. ಎಲ್ಲ ಸರಿ. ಪ್ಲಗ್ಗು ಮಾತ್ರ ಒಣಕಲು.

ರಾತ್ರಿ ನಿದ್ದೆ ಬಾರದೆ, ಪಟ್ಟಣದಲ್ಲಿರುವ ಮೊಮ್ಮಗಳಿಗೆ ಫೋನು ಮಾಡಿ, ಈ ಎಂಜಿನಿನ ವಿಷಯ ಓದಿ ಹೇಳು ಎಂದೆ. ಇಂಗ್ಲಿಷಿನಲ್ಲಿ ಓದಿ, ಕನ್ನಡಕ್ಕೆ ಎಳೆದು ತಂದು ಹೇಳಿದಳು. ಜೋಸೆಫ್ ಡೇ ಎಂಬ ಇಂಗ್ಲೆಂಡಿನ ಮನುಷ್ಯ 1891ರ ಹೊತ್ತಿಗೆ, ಪಿಸ್ಟನಿನ ಕೆಳಗಿನ ಕೋಣೆಯನ್ನೇ ಪಂಪಿನಂತೆ ಬಳಸುವ ಈ ಎರಡು ಹೊಡೆತದ ಎಂಜಿನನ್ನು ರೂಪಿಸಿದನಂತೆ. 1946ರಲ್ಲಿ ಅಮೆರಿಕದ ಮರ ಕಡಿಯುವ ಜೋ ಕಾಕ್ಸ್ ಎಂಬವನು, ಒಂದು ಹುಳು ಮರವನ್ನು ಎಡಕ್ಕೂ ಬಲಕ್ಕೂ ಕೊರೆಯುತ್ತ ಹೋಗುವುದನ್ನು ನೋಡಿ, ಅದರ ದವಡೆಯ ಹಾಗೆ ಗರಗಸದ ಹಲ್ಲು ಮಾಡಿದನಂತೆ. ತಮ್ಮ ಇದ್ದಿದ್ದರೆ ಈ ಹುಳುವಿನ ಕಥೆ ಕೇಳಿ ಎಷ್ಟು ಖುಷಿಪಡುತ್ತಿದ್ದ! ಆದರೆ ಹುಳುವಿನ ಕಥೆಯಿಂದ ನನ್ನ ಎಂಜಿನು ಚಾಲೂ ಆಗಲಿಲ್ಲ. ಅಷ್ಟರಲ್ಲಿ ತೋಟದ ನೀರು ಮೊಣಕಾಲಿಗೆ ಬಂದಿತ್ತು. ತಮ್ಮನ ಹೆಂಡತಿ ಕಾಫಿ ತಂದಿಟ್ಟು, ‘ಸಾಕು ಭಾವ, ಗುಜರಿಗೆ ಕೊಡಿ. ಅವರ ಕೈಯಲ್ಲಿ ಮಾತ್ರ ಓಡುತ್ತಿದ್ದದ್ದು ಅದು’ ಎಂದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ತಡೆಯಬಹುದಿತ್ತು.

ಏಳನೆಯ ದಿನ ಮೆಷಿನನ್ನು ಆಟೋದಲ್ಲಿ ಹಾಕಿಕೊಂಡು ಆಶಾನರ ಅಂಗಡಿಗೆ ಹೋದೆ. ನನಗೆ ತಿಳಿದ ಹರಕು ಮಲೆಯಾಳದಲ್ಲಿ, ನಡುನಡುವೆ ತುಳು ಸೇರಿಸಿ, ಆರು ದಿನದ ಪರೀಕ್ಷೆಗಳನ್ನು ವಿವರಿಸಿದೆ. ಅವರು ಅರ್ಧಕ್ಕೆ ತಡೆಯದೆ ಕೇಳಿದರು. ಆಮೇಲೆ ಕಾರ್ಬುರೇಟರನ್ನು ಬಿಚ್ಚಿ ಬದಿಗಿಟ್ಟು, ಅದು ಕೂರುವ ಕರಿಯ ಪ್ಲಾಸ್ಟಿಕ್ ತುಂಡನ್ನು ತೋರಿಸಿದರು. ನಡುವೆ ದೊಡ್ಡ ತೂತು. ಅದರ ಪಕ್ಕದಲ್ಲಿ, ಸೂಜಿಗಿಂತ ತುಸು ದಪ್ಪದ, ಒಂದು ಸಣ್ಣ ತೂತು. ಇದನ್ನು ನಾನು ನೋಡಿದ್ದೆ, ಲಕ್ಷ್ಯ ಕೊಟ್ಟಿರಲಿಲ್ಲ. ‘ವಿರಲ್ ಇವಿಡೆ ವೆಕ್ಕ್’ ಎಂದರು. ನಮ್ಮ ಬೆರಳೇ ಅವರ ವಿರಲ್. ಬೆರಳಿಟ್ಟೆ. ಅವರು ಹಗ್ಗ ಎಳೆದರು. ಬೆರಳಿಗೆ ಏನೂ ತಾಗಲಿಲ್ಲ.

‘ಶ್ವಾಸಂ ಇಲ್ಲ, ಮಾಷೇ’ ಎಂದರು.

ಆ ಒಂದು ಮಾತಿಗೆ ನನಗೆ ಭಾಷಾಂತರ ಬೇಕಾಗಲಿಲ್ಲ. ಶ್ವಾಸ ಇಬ್ಬರಿಗೂ ಶ್ವಾಸವೇ.

ಕೆಲಸದ ಬಗೆ ಹೀಗೆ: ಈ ಮೆಷಿನನ್ನು ಮರದ ಮೇಲೆ ಹೇಗೆ ಬೇಕಾದರೂ ಓರೆ ಮಾಡಿ ಹಿಡಿಯಬೇಕಾಗುತ್ತದೆ. ಆದ್ದರಿಂದ ಬೈಕಿನ ಹಾಗೆ ಪೆಟ್ರೋಲು ಮೇಲಿನಿಂದ ತಾನಾಗಿ ಇಳಿದು ಬರುವ ಏರ್ಪಾಡು ಇದರಲ್ಲಿಲ್ಲ. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕೋಣೆಯಲ್ಲಿ ಎಳೆತ, ಕೆಳಗೆ ಬಂದಾಗ ದೂಡಿಕೆ. ಈ ಎಳೆತ ದೂಡಿಕೆ ಆ ಸಣ್ಣ ತೂತಿನ ಮೂಲಕ ಕಾರ್ಬುರೇಟರಿಗೆ ಹೋಗಿ, ಒಳಗಿನ ಪೊರೆಯನ್ನು ಎದೆಗೂಡಿನ ಹಾಗೆ ಆಡಿಸುತ್ತದೆ. ಪೊರೆ ಆಡಿದರೆ ತೊಟ್ಟಿಯಿಂದ ಪೆಟ್ರೋಲು ಏರುತ್ತದೆ. ಎಂಜಿನು ತನ್ನ ಉಸಿರಿನಿಂದಲೇ ತನ್ನ ಅನ್ನವನ್ನು ಎಳೆದುಕೊಳ್ಳುತ್ತದೆ. ನನ್ನ ಕರಿಹಲಗೆಯ ಚಿತ್ರದಲ್ಲಿ ಈ ತೂತು ಒಮ್ಮೆಯೂ ಇರಲಿಲ್ಲ.

ಆಶಾನ್ ಎರಡು ಸ್ಕ್ರೂ ತೆಗೆದು ಪ್ಲಾಸ್ಟಿಕ್ ತುಂಡನ್ನು ಕಳಚಿದರು. ಹಿಂದಿನ ಕಾಗದದ ಗ್ಯಾಸ್ಕೆಟ್ಟನ್ನು ನಾನು ತಿರುವಿ ಇಟ್ಟಿದ್ದೆ. ದೊಡ್ಡ ತೂತು ದೊಡ್ಡ ತೂತಿಗೆ ಸರಿಯಾಗಿ ಹೊಂದಿತ್ತು. ಸ್ಕ್ರೂಗಳ ತೂತೂ ಹೊಂದಿತ್ತು. ಸಣ್ಣದರ ಮೇಲೆ ಮಾತ್ರ ಕಾಗದ ಕುಳಿತಿತ್ತು. ಅದನ್ನು ಮಗುಚಿಟ್ಟು ಬಿಗಿದರು. ಮತ್ತೆ ನನ್ನ ಬೆರಳನ್ನು ತೂತಿಗೆ ಒತ್ತಿಸಿ ಹಗ್ಗ ಎಳೆದರು. ಕರುವಿನ ಮೂಗಿನ ಮುಂದೆ ಕೈ ಹಿಡಿದಂತೆ, ಫುಸ್, ಫುಸ್ ಎಂದು ಬೆರಳಿಗೆ ತಾಗಿತು. ಕಾರ್ಬುರೇಟರ್ ಕೂರಿಸಿ, ಐದನೆಯ ಎಳೆತಕ್ಕೆ, ಅಂಗಡಿ ತುಂಬ ನೀಲಿ ಹೊಗೆ ಮಾಡಿ ಎಂಜಿನು ಓಡತೊಡಗಿತು.

ಆರು ದಿನ ನಾನು ಕಿಡಿಯನ್ನು ಅನುಮಾನಿಸಿದೆ, ಪೆಟ್ರೋಲನ್ನು ಅನುಮಾನಿಸಿದೆ, ಕಾರ್ಬುರೇಟರ್ ಮಾಡಿದ ಚೀನಾದವರನ್ನು ಅನುಮಾನಿಸಿದೆ. ನಾನೇ ಇಟ್ಟ ಕಾಗದವನ್ನು ಮಾತ್ರ ಒಮ್ಮೆಯೂ ಬಿಚ್ಚಿ ನೋಡಲಿಲ್ಲ, ಅದನ್ನು ಇಟ್ಟವನು ನಾನು ಎಂಬ ಕಾರಣಕ್ಕೆ. ಇಷ್ಟು ಯೋಚನೆ ಬಂದ ಮೇಲೆ ಎದೆಯಲ್ಲಿದ್ದ ಇನ್ನೊಂದು ಕಾಗದವೂ ಕಿತ್ತು ಬಂತು. ಹೊಗೆ ಆರಿದ ಮೇಲೆ ಹೇಳಿದೆ: ‘ಆಶಾನ್, ಮೆಷಿನು ಸವೆದದ್ದಲ್ಲ. ಎಣ್ಣೆ ಹಾಕದೆ ಓಡಿಸಿದವನು ನಾನು.’ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಅವರು ಕೈ ಒರಸಿಕೊಳ್ಳುತ್ತ ನಕ್ಕರು.

‘ಅದು ಎನಿಕ್ಕ್ ಅನ್ನೇ ಮನಸ್ಸಿಲಾಯಿ, ಮಾಷೇ.’

ಅದು ತನಗೆ ಆ ದಿನವೇ ಅರ್ಥವಾಗಿತ್ತು ಎಂದು. ಪಿಸ್ಟನಿನ ಗೀರುಗಳೇ ಅವರಿಗೆ ಎಲ್ಲವನ್ನೂ ಹೇಳಿದ್ದವು. ಆದರೂ ಒಬ್ಬ ಮಾಸ್ತರನ ಮುಖ ಬಾಡಬಾರದೆಂದು ಸುಮ್ಮನಿದ್ದರು. ಎಷ್ಟೋ ವರ್ಷ ನಾನು ನಗೆಚಾಟಿಕೆಗೆ ಬಳಸಿದ ಶಬ್ದ ಅದು. ಮನಸ್ಸಿನೊಳಗೆ ಆಗುವುದೇ ಅರ್ಥವಾಗುವುದು ಎಂಬುದು ಅದರಲ್ಲೇ ಇತ್ತು. ನನಗೆ ಕೇಳಿಸಿರಲಿಲ್ಲ ಅಷ್ಟೆ. ಕೂಲಿ ಎಷ್ಟೆಂದು ಕೇಳಿದೆ. ಗ್ಯಾಸ್ಕೆಟ್ ತಿರುವಿದ್ದಕ್ಕೆ ಕೂಲಿ ಇಲ್ಲವೆಂದರು. ತಮ್ಮ ಮಗಳಿಗೆ ಲೆಕ್ಕ ಸ್ವಲ್ಪ ಕಷ್ಟ, ಶಾಲೆಗೆ ರಜೆಯಿದ್ದಾಗ ಕರೆತರಬಹುದೋ ಎಂದು ಕೇಳಿದರು. ಮಲೆಯಾಳದಲ್ಲಿ ಲೆಕ್ಕ ಹೇಳಿಕೊಡಲು ನನಗೆ ಬಾರದು ಎಂದೆ. ‘ಅವಳು ಕಲಿಸುತ್ತಾಳೆ’ ಎಂಬರ್ಥದಲ್ಲಿ ಕೈಯಾಡಿಸಿದರು. ಈಗ ತಿಂಗಳಿಗೆ ಎರಡು ಆದಿತ್ಯವಾರ ಅವಳು ಬರುತ್ತಾಳೆ. ಭಾಗಾಕಾರ ನನ್ನದು, ಭಾಷೆ ಅವಳದು.

ಮನೆಗೆ ಮುಟ್ಟುವಾಗ ಸಂಜೆ. ಮಂಗಳೂರಿನಿಂದ ತಮ್ಮನ ಮಗ ಬಂದಿದ್ದ. ಮರುದಿನ ಅವನೇ ಮೆಷಿನು ಹಿಡಿದು ಮಧ್ಯಾಹ್ನದೊಳಗೆ ಮರವನ್ನು ತುಂಡು ಮಾಡಿದ. ಕಸವೆಲ್ಲ ಒಮ್ಮೆಗೇ ಕೊಚ್ಚಿಹೋಗಿ ತೋಡು ತನ್ನ ದಾರಿ ಹಿಡಿಯಿತು. ತೋಟದಲ್ಲಿ ಹನ್ನೊಂದು ಅಡಿಕೆ ಮರ ಹೋದವು, ಉಳಿದವು ಬದುಕಿದವು.

ಆದರೆ ಅದಕ್ಕಿಂತ ಮೊದಲು, ಆ ಸಂಜೆಯೇ, ಅಡುಗೆಕೋಣೆಯ ಬಾಗಿಲಲ್ಲಿ ನಿಂತು ತಮ್ಮನ ಹೆಂಡತಿಗೆ ನಿಜ ಹೇಳಿದೆ. ಅವನ ಮೆಷಿನು ಸವೆದಿರಲಿಲ್ಲ, ಕೆಡಿಸಿದ್ದು ನಾನು ಎಂದೆ. ಅವಳು ಒಲೆಯ ಬೆಂಕಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಳು. ಒಳಗೆ ಹೋಗಿ, ಅಕ್ಕಿ ಪೆಟ್ಟಿಗೆಯ ಹಿಂದಿನಿಂದ, ಒಂದು ಸಣ್ಣ ಬಾಟ್ಲಿ ತಂದು ನನ್ನ ಕೈಯಲ್ಲಿಟ್ಟಳು. ಬದಿಯಲ್ಲಿ ಮೊಳೆಯಿಂದ ಗೀಚಿದ ಒಂದು ಗೆರೆ. ಪಕ್ಕದಲ್ಲಿ ತಮ್ಮನ ಓರೆ ಅಕ್ಷರದಲ್ಲಿ ‘1 ಲೀಟರಿಗೆ ಇಷ್ಟು’ ಎಂದು ಕನ್ನಡದಲ್ಲಿ ಬರೆದಿತ್ತು.

‘ಕೇಳಿದ್ದರೆ ಆ ದಿನವೇ ಕೊಡುತ್ತಿದ್ದೆ’ ಎಂದಳು.

ಬಾಟ್ಲಿ ಈಗ ಮೆಷಿನಿನ ಜತೆಯಲ್ಲೇ ಇದೆ.